ಐದು ಗೆರೆಗಳ ಎತ್ತರ

ಕಾಕಾಸಾಹೇಬನ ಮುಖ ನೋಡುವ ಮೊದಲೇ ಧ್ವನಿ ಗುರುತಿಸಿದೆ. ಒಂಬತ್ತು ವರ್ಷ ಆ ಧ್ವನಿಯನ್ನು ಮನಸ್ಸಿನಲ್ಲೇ ಬೈಯುತ್ತ ಬಂದವಳು ನಾನು, ಗುರುತಿಸದೆ ಇರುತ್ತೇನೆಯೇ?

“ಪಾರಿಸಣ್ಣಾ, ಒಂದ ಪುಸ್ತಕ ಮಾಡೂದೈತಿ. ಅಂಥಿಂಥಾದ್ದಲ್ಲ, ಸಂಗೀತದ್ದು. ನನ್ನ ಮೂವತ್ತ ವರ್ಷದ ತಪಸ್ಸ ಐತಿ ಇದರಾಗ” ಅನ್ನುತ್ತ ಅವನು ಮೇಜಿನ ಮೇಲೆ ಒಂದು ಬಟ್ಟೆಯ ಗಂಟು ಇಟ್ಟ.

ಇದು 2011ರ ಮಾತು. ಚಿಕ್ಕೋಡಿಯಲ್ಲಿ ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ಪಾರಿಸಣ್ಣನ ಪ್ರೆಸ್ಸು. ನಾನು ಅಲ್ಲಿ ಡಿಟಿಪಿ ಕೆಲಸದವಳು. ಲಗ್ನಪತ್ರಿಕೆ, ವಕೀಲರ ಅರ್ಜಿ, ಸೊಸೈಟಿಯ ವರದಿ, ಸತ್ತವರ ಕಾರ್ಡು, ಎಲ್ಲಾ ನನ್ನ ಕಂಪ್ಯೂಟರಿನಿಂದಲೇ ಹೋಗಬೇಕು. ಕಾಕಾಸಾಹೇಬ ನನ್ನ ಕಡೆ ಒಮ್ಮೆ ನೋಡಿದ, ಗುರುತು ಹತ್ತಲಿಲ್ಲ. ನಿಪ್ಪಾಣಿಯಲ್ಲಿ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಹುಡುಗಿಯನ್ನು ಕಂಡಿದ್ದವನು. ಈಗ ನಾನು ಲಗ್ನವಾಗಿ ಚಿಕ್ಕೋಡಿಗೆ ಬಂದ, ತಲೆ ತುಂಬ ದುಪಟ್ಟಾ ಹೊದ್ದ ಹೆಂಗಸು.

ಅವನು ಗಂಟು ಬಿಚ್ಚಿದ. ಒಳಗಿದ್ದದ್ದು ನಮ್ಮ ಅಬ್ಬಾನ ಕೈಬರಹ.

ನಮ್ಮ ಅಬ್ಬಾ ಶಮಶೇರ ಹದಿನೈದು ವರ್ಷ ಮಿಲಿಟರಿ ಬ್ಯಾಂಡಿನಲ್ಲಿ ಕಾರ್ನೆಟ್ ಊದಿದವರು. ರಿಟೈರಾಗಿ ನಿಪ್ಪಾಣಿಗೆ ಬಂದು ಕಾಕಾಸಾಹೇಬನ ಬ್ರಾಸ್ ಬ್ಯಾಂಡಿಗೆ ಮಾಸ್ತರರಾದರು. ವಾದ್ಯಗಳು ಕಾಕಾಸಾಹೇಬನವು, ಜರಿಪಟ್ಟಿಯ ಕೆಂಪು ಕೋಟುಗಳು ಅವನವು, ಲಗ್ನಗಳ ಸುಪಾರಿ, ಅಂದರೆ ಮುಂಗಡ, ಹಿಡಿಯುವವನೂ ಅವನು. ಅವನಿಗೆ ಒಂದು ಸ್ವರ ಓದಲು ಬರುತ್ತಿರಲಿಲ್ಲ. ಹುಡುಗರಿಗೆ ಕಲಿಸುವುದು, ಹೊಸ ಚಾಲು, ಅಂದರೆ ಧಾಟಿ, ಕಟ್ಟುವುದು, ಅದನ್ನು ಇಂಗ್ಲಿಷ್ ಪದ್ಧತಿಯಂತೆ ಐದು ಗೆರೆಗಳ ಮೇಲೆ ಸ್ವರದ ಚುಕ್ಕೆಗಳಾಗಿ ಬರೆದಿಡುವುದು, ಇದೆಲ್ಲ ಅಬ್ಬಾನ ಪಾಲು. ನಿಪ್ಪಾಣಿಯಲ್ಲಿ ಬೀಡಿ ಲೇಬಲ್ ಛಾಪಿಸುವಾಗ ಕೆಟ್ಟ ಹಾಳೆಗಳು ಪುಕ್ಕಟೆ ಸಿಗುತ್ತಿದ್ದವು. ಅವುಗಳ ಹಿಂಬದಿಯೇ ಅಬ್ಬಾನ ಕಾಗದ. ಐದು ಪೆನ್ನಿನ ರೀಫಿಲ್‌ಗಳನ್ನು ಒಂದು ಕಟ್ಟಿಗೆ ಪಟ್ಟಿಗೆ ದಾರದಿಂದ ಬಿಗಿದು, ಒಂದೇ ಎಳೆತಕ್ಕೆ ಐದು ಗೆರೆ ಎಳೆಯುತ್ತಿದ್ದರು. ಅಂಗೈಯಗಲದ ಚೂರಿರಲಿ, ಟವೆಲ್ಲಿನಷ್ಟು ದೊಡ್ಡ ಹಾಳೆಯಿರಲಿ, ಆ ಐದು ಗೆರೆಗಳ ಎತ್ತರ ಮಾತ್ರ ಒಂದೇ, ಎಂಟು ಮಿಲಿಮೀಟರ್. ನನಗೆ ಅಆಇಈ ಬರುವ ಮೊದಲೇ ಆ ಗೆರೆಗಳ ಮೇಲಿನ ಸ್ವರ ಓದಲು ಬರುತ್ತಿತ್ತು, ಬರೆಯಲೂ ಬರುತ್ತಿತ್ತು.

ಒಟ್ಟು ನಲವತ್ತಮೂರು ಚಾಲುಗಳು. ಅರಿಶಿನ ಹಚ್ಚುವ ಹಳದಿಗೆ ಬೇರೆ, ವರಾತಿನ ಮೆರವಣಿಗೆಗೆ ಬೇರೆ, ಮಾರ್ಚಿಂಗ್ ಬೇರೆ. ಅವುಗಳಲ್ಲಿ ಒಂದರ ಹೆಸರು ‘ಮಮತಾಜ’. ಅದು ನಮ್ಮ ಅಮ್ಮಿಯ ಹೆಸರು. ಅಮ್ಮಿ ತವರುಮನೆ ಬಿಟ್ಟು ಬಂದ ದಿನ ಬಂಡಿಯಲ್ಲಿ ಕೂತು ಅತ್ತದ್ದನ್ನು ನೆನೆದು ಅಬ್ಬಾ ಅದನ್ನು ಕಟ್ಟಿದ್ದರು. ಬಿದಾಯಿಗೆ, ಅಂದರೆ ಹುಡುಗಿಯನ್ನು ಕಳಿಸಿಕೊಡುವ ಹೊತ್ತಿಗೆ, ಬ್ಯಾಂಡಿನವರು ಅದನ್ನು ಬಾರಿಸಿದರೆ, ಅಳಬಾರದು ಅಂತ ಹಟ ಹಿಡಿದು ನಿಂತ ಗಂಡಸರೂ ಅಳುತ್ತಿದ್ದರು.

2002ರಲ್ಲಿ ಕಾಕಾಸಾಹೇಬ “ಮಾಸ್ತರ, ಒಂದ ಝೆರಾಕ್ಸ್ ತಗೊಂಡ ಕೊಡ್ತೀನಿ” ಅಂತ ಆ ಗಂಟು ಒಯ್ದ. ತಿಂಗಳಾಯಿತು, ಎರಡಾಯಿತು. ಕೊಗನೊಳ್ಳಿಯಲ್ಲಿ ಒಂದು ಲಗ್ನ. ವರಾತು ನಿಂತಾಗ ಅಬ್ಬಾ ಮತ್ತೊಮ್ಮೆ ಕೇಳಿದರು. ಕಾಕಾಸಾಹೇಬ ಬೀಗರೆಲ್ಲರ ಎದುರಿಗೇ ಕೂಗಿದ: “ಯಾವ ಕಾಗದಲೇ? ನೀ ಊದಾಂವ. ನಾ ಹೇಳಿ ಬರಸಾಂವ. ತಗಿ ನನ್ನ ಕೋಟ, ಈಗ ತಗಿ.” ಅಬ್ಬಾ ಕೋಟು ಬಿಚ್ಚಿ ಮಡಚಿ ಕೊಟ್ಟರು. ನಡುಮಧ್ಯಾಹ್ನ, ಹೆದ್ದಾರಿ ಹಿಡಿದು, ಬನಿಯನ್ನಿನ ಮೇಲೆ ಮನೆಗೆ ನಡೆದು ಬಂದರು. ಅವತ್ತು ಬಾಗಿಲು ತೆರೆದವಳು ನಾನು. ಅವತ್ತೇ ನನ್ನ ಹೊಟ್ಟೆಯಲ್ಲಿ ಬಿದ್ದ ಕೆಂಡ ಅದು.

ಈಗ ಅದೇ ಗಂಟು ನನ್ನ ಮೇಜಿನ ಮೇಲೆ. ಪ್ರತಿ ಹಾಳೆಯ ಮೂಲೆಯಲ್ಲಿದ್ದ ಅಬ್ಬಾನ ಹೆಸರನ್ನು ಕತ್ತರಿಯಿಂದ ಕತ್ತರಿಸಿ ತೆಗೆದಿದ್ದ ಭಾಡ್ಯಾ.

“ಸರ್ಕಾರದ ಕಲಾವಿದರ ಪ್ರಶಸ್ತಿಗಿ ಅರ್ಜಿ ಹಾಕೀನಿ. ಸ್ವಂತ ರಚನಾ ಪುಸ್ತಕ ಇದ್ರ ಕೆಲಸ ಗಟ್ಟಿ ಅಂದಾರ” ಅಂದ ಕಾಕಾಸಾಹೇಬ. “ಮುಂದಿನ ತಿಂಗಳ ನಿಪ್ಪಾಣ್ಯಾಗ ಬಿಡುಗಡೆ. ಅಥಣಿ, ರಾಯಬಾಗ, ಕಾಗವಾಡ, ಎಲ್ಲಾ ಕಡೆ ಬ್ಯಾಂಡ್ ಮಾಸ್ತರನ ಕರಸೀನಿ.”

ಎದ್ದು ಅವನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಹಿಡಿದರೆ ಆಗುವುದೇನು? ಪಾರಿಸಣ್ಣ ನನ್ನನ್ನು ಮನೆಗೆ ಕಳಿಸುತ್ತಾನೆ, ಇವನು ಇನ್ನೊಂದು ಪ್ರೆಸ್ಸಿಗೆ ಹೋಗುತ್ತಾನೆ. ಹಲ್ಲು ಕಚ್ಚಿ ಕುಳಿತೆ. ನನಗೆ ಬೇಕಾದದ್ದು ಎರಡೇ. ಅಬ್ಬಾನ ಚಾಲುಗಳು ಅಬ್ಬಾನ ಹೆಸರಿಗೆ ತಿರುಗಿ ಬರಬೇಕು. ಅದಕ್ಕೂ ಮೊದಲು ನಾಲ್ಕು ಮಂದಿಯ ಎದುರಿಗೆ ಈ ಮನುಷ್ಯನ ಮಾನ ಹೋಗಬೇಕು. ಯಾವುದು ಹೆಚ್ಚು ಬೇಕಿತ್ತು ಅಂತ ಕೇಳಬೇಡಿ. ಆವಾಗ ಕೇಳಿದ್ದರೆ ಎರಡನೆಯದು ಅನ್ನುತ್ತಿದ್ದೆ.

ಮೊದಲ ವಾರ ನಾನು ಪ್ರಾಮಾಣಿಕವಾಗಿಯೇ ಕೆಲಸ ಮಾಡಿದೆ. ಅಬ್ಬಾನ ಬರಹದ ಮೇಲೆ ನನ್ನ ಕೈ ಸುಳ್ಳು ಆಡಲಿಲ್ಲ. ನಲವತ್ತಮೂರು ಹಾಳೆಗಳನ್ನೂ ಸ್ಕ್ಯಾನ್ ಮಾಡಿ, ಪೇಜ್‌ಮೇಕರಿನಲ್ಲಿ ಒಂದೊಂದನ್ನೂ ಎಪ್ಪತ್ತೈದು ಪರ್ಸೆಂಟಿಗೆ ಇಳಿಸಿ ಕೂಡಿಸಿದೆ. ಆಗ ಎಲ್ಲಾ ಪುಟದಲ್ಲಿಯೂ ಐದು ಗೆರೆಗಳ ಎತ್ತರ ಆರು ಮಿಲಿಮೀಟರ್ ಬರುತ್ತದೆ. ಸಂಗೀತದ ಪುಸ್ತಕದಲ್ಲಿ ಸಮ ಇರಬೇಕಾದದ್ದು ಅದೊಂದೇ. ಊದುವವನ ಕಣ್ಣು ಒಂದು ಎತ್ತರಕ್ಕೆ ಒಗ್ಗಿಕೊಂಡಿರುತ್ತದೆ. ಪುಟ ತಿರುವಿದಾಗ ಎತ್ತರ ಬದಲಾದರೆ ಎಡವುತ್ತದೆ. ಸಣ್ಣ ಚಾಲು ಕಾಲುಪುಟಕ್ಕೆ ಮುಗಿಯಲಿ, ದೊಡ್ಡದು ಎರಡು ಪುಟ ಹಿಡಿಯಲಿ, ಅದರಿಂದ ಏನೂ ಕೆಡುವುದಿಲ್ಲ.

ಕಾಕಾಸಾಹೇಬ ಪ್ರೂಫ್ ನೋಡಲು ಬಂದ. ಚಷ್ಮಾ ಏರಿಸಿ ಎಂಟು ಪುಟ ತಿರುವಿದ. ಮುಖ ಗಂಟಾಯಿತು.

“ಏನ ಬಾಯಿ ಇದು? ಒಂದ ಇಟ್ಟಂಗ್ಯಷ್ಟ, ಒಂದ ಹಾಸಿಗ್ಯಷ್ಟ! ಇಲ್ನೋಡ, ಅರ್ಧಾ ಪಾನಾ ಖಾಲಿ ಬಿಟ್ಟಿ. ನಮ್ಮ ಸುರಜನ ಲಗ್ನದ ಅಲ್ಬಮ್ ನೋಡೀಯೇನ? ಎಲ್ಲಾ ಫೋಟೋ ಒಂದ ಅಳತಿ, ಒಂದ ಚೌಕಟ್ಟ. ಹಂಗ ಚಂದ ಕಾಣಬೇಕ. ಒಂದ ಚಾಲಿಗಿ ಒಂದ ಪಾನಾ. ಪಾನಾ ತುಂಬ ಹಿಗ್ಗಸು.”

“ಹಂಗ ಮಾಡಿದ್ರ ಐದ ಗೆರಿ...” ಅಂತ ನಾಲಿಗೆಯ ತುದಿಗೆ ಬಂದದ್ದನ್ನು ಅಲ್ಲೇ ನುಂಗಿದೆ. ಹಾಳೆ ಹಿಗ್ಗಿಸಿದರೆ ಸ್ವರವೂ ಹಿಗ್ಗುತ್ತದೆ, ಕುಗ್ಗಿಸಿದರೆ ಸ್ವರವೂ ಕುಗ್ಗುತ್ತದೆ ಅನ್ನುವುದು ಈ ಮನುಷ್ಯನಿಗೆ ಗೊತ್ತಿಲ್ಲ! ಇವನ ಪಾಲಿಗೆ ಇದು ಮದುಮಕ್ಕಳ ಫೋಟೋ! ಈ ಒಂದು ಮಾತಿನಿಂದಲೇ ಅವನು ತನ್ನ ಕಳ್ಳತನಕ್ಕೆ ತಾನೇ ಸಾಕ್ಷಿ ಹೇಳಿಬಿಟ್ಟಿದ್ದ. ಕೇಳಿಸಿಕೊಳ್ಳಲು ತಿಳಿದವರು ಎದುರಿಗಿರಲಿಲ್ಲ, ಅಷ್ಟೇ.

“ಆತ್ರಿ ಸಾಹೇಬ್ರ” ಅಂದೆ. “ನೀವು ಹೇಳಿದಂಗ ಮಾಡ್ತೀನ್ರಿ.”

ಮರುದಿನ ಒಂದೊಂದು ಚಿತ್ರವನ್ನೂ ತೆಗೆದು ಒಂದೇ ಚೌಕಟ್ಟಿಗೆ ಎಳೆದೆ. ಅಂಗೈಯಗಲದ ಚೂರಿನಲ್ಲಿದ್ದ ಹಳದಿ ಚಾಲಿನ ಸ್ವರಗಳು ಬಾರಿಹಣ್ಣಿನಷ್ಟಾದವು. ಟವೆಲ್ಲಿನಷ್ಟು ದೊಡ್ಡ ಹಾಳೆಯಲ್ಲಿ ಮೂರು ವಾದ್ಯಗಳ ಪಾಲನ್ನೂ ಒಟ್ಟಿಗೆ ಬರೆದಿದ್ದ ‘ಮಮತಾಜ’ ಸಾಸಿವೆಗಿಂತ ಸಣ್ಣದಾಯಿತು. ಆ ಪುಟದ ತಲೆಗೆ ಅವನು ಕೊಟ್ಟಿದ್ದ ಹೆಸರು ‘ಕಾಕಾಸಾಹೇಬ ಬಿದಾಯಿ’. ಅದನ್ನೂ ಟೈಪ್ ಮಾಡಿದೆ. ಎಳೆದ ಚಿತ್ರಗಳನ್ನು ಹಳೆಯ ಸ್ಕ್ಯಾನುಗಳ ಮೇಲೆಯೇ, ಅದೇ ಹೆಸರಿನಲ್ಲಿ ಸೇವ್ ಮಾಡಿದೆ. ಮೊದಲ ಪ್ರೂಫನ್ನೂ ಹರಿದುಹಾಕಿದೆ. ಸರಿಯಾಗಿದ್ದ ಪ್ರತಿ ಒಂದೂ ಉಳಿಯಲಿಲ್ಲ. ಬೇಕಂತಲೇ ಹಾಗೆ ಮಾಡಿದೆ. ನನ್ನ ಮನಸ್ಸಿನ ಮೇಲೆ ನನಗೇ ನಂಬಿಕೆಯಿರಲಿಲ್ಲ. ಎಲ್ಲಿ ಕರಗಿ ಮತ್ತೆ ಸರಿಮಾಡಿಬಿಡುತ್ತೇನೋ ಅಂತ ಹೆದರಿಕೆ. ಮೂಲ ಹಾಳೆಗಳು ಅವನ ಹತ್ತಿರ ಇದ್ದೇ ಇವೆ, ಮಾನ ಕಳೆದ ಮೇಲೆ ಕಸಿದುಕೊಂಡರಾಯಿತು ಅಂದುಕೊಂಡೆ.

ಪಾರಿಸಣ್ಣನ ಪ್ರೆಸ್ಸಿನಲ್ಲಿ ಒಂದು ಪದ್ಧತಿಯಿದೆ. ಹಿಂದೆ ಒಂದು ಲಗ್ನಪತ್ರಿಕೆಯಲ್ಲಿ ಮದುಮಗಳ ಬದಲು ಅವಳ ತಂಗಿಯ ಹೆಸರು ಛಾಪಾಗಿ ಬೀಗರು ಹೊಡೆಯಲು ಬಂದಿದ್ದರಂತೆ. ಆವತ್ತಿನಿಂದ ಗಿರಾಕಿಗಳು ಪ್ರೂಫಿನ ಪ್ರತಿ ಪುಟದ ಮೇಲೂ ‘ನೋಡಿದ್ದೇನೆ, ಸರಿ ಇದೆ, ಛಾಪಿಸಿ’ ಅಂತ ಬರೆದು ಸಹಿ ಹಾಕಬೇಕು. ಕಾಕಾಸಾಹೇಬ ಕೂತು, ಚಹಾ ಕುಡಿಯುತ್ತ, ನಲವತ್ತಮೂರಕ್ಕೂ ಸಹಿ ಹಾಕಿದ. “ಈಗ ನೋಡ ಬಾಯಿ, ಹೆಂಗ ಕಾಣತೈತಿ! ಬುಕ್ ಅಂದ್ರ ಹಿಂಗ ಇರಬೇಕ” ಅಂದ. ಗಂಟು ಕಟ್ಟಿಕೊಂಡು ಹೋದ. ಆ ಪ್ರೂಫ್ ಹಾಳೆಗಳನ್ನು ನಾನು ಪಿನ್ನು ಹೊಡೆದು ಎತ್ತಿಟ್ಟೆ.

ನಿಪ್ಪಾಣಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಬಿಡುಗಡೆ. ಪುಸ್ತಕದ ಗಂಟುಗಳ ಜೊತೆ ಪಾರಿಸಣ್ಣ ಟೆಂಪೋದಲ್ಲಿ ಹೊರಟಾಗ ನಾನೂ ಏರಿ ಕೂತೆ. ಬೆಳಗಿನ ಹನ್ನೊಂದು ಗಂಟೆ, ಇನ್ನೂರು ಮಂದಿ. ಕಾಕಾಸಾಹೇಬ ಕೇಸರಿ ಫೇಟಾ ಸುತ್ತಿ, ಜರಿ ಶಾಲು ಹೊದ್ದು ವೇದಿಕೆಯ ನಡುವೆ ಕೂತಿದ್ದ. ಅವನ ಬ್ಯಾಂಡಿನ ಹುಡುಗರು ಪುಸ್ತಕ ತೆರೆದಿಟ್ಟುಕೊಂಡು ಒಂದು ಮಾರ್ಚಿಂಗ್ ಬಾರಿಸಿದರು. ಪುಸ್ತಕ ಬರೀ ತೋರಿಕೆಗೆ. ಅದು ಅವರಿಗೆ ಬಾಯಿಪಾಠ. ಚಪ್ಪಾಳೆಯೋ ಚಪ್ಪಾಳೆ. ಇಷ್ಟಕ್ಕೇ ಮುಗಿದುಹೋದರೆ?

ಆಗ ಅಥಣಿಯ ಗುರಪ್ಪ ಮಾಸ್ತರ ಎದ್ದರು. ಎಪ್ಪತ್ತರ ಮುದುಕ, ಬಿಳಿ ಧೋತರ, ಸುತ್ತಲಿನ ಐದು ತಾಲೂಕಿನಲ್ಲಿ ಬರೆದ ಸ್ವರ ನೋಡಿ ಬಾರಿಸುವುದನ್ನು ಬಿಡದೆ ಕಲಿಸುತ್ತಿದ್ದ ಒಬ್ಬರೇ ಒಬ್ಬರು.

“ಕಾಕಾಸಾಹೇಬ್ರ, ನಿಮ್ಮ ಹುಡಗೂರು ಕಣ್ಣ ಮುಚ್ಚಿ ಬಾರಿಸಿದ್ರು, ಭಾಳ ಛಲೋ ಆತು. ಈಗ ನಮ್ಮ ಮಂದಿ ಪುಸ್ತಕ ನೋಡಿ ಬಾರಸ್ತಾರ. ಪುಸ್ತಕಕ್ಕ ಅದ ಮರ್ಯಾದಿ ಅಲ್ಲೇನ್ರಿ?”

ಅವರ ನಾಲ್ಕು ಮಂದಿ ಮುಂದೆ ಬಂದು ನಿಂತರು. ಒಂದು ಪುಟ ತೆರೆದರು. ಕ್ಲಾರಿನೆಟ್ಟಿನವನು ಮೂರು ಸ್ವರ ಊದಿ ನಿಂತ. ಸ್ವರಗಳು ಎಷ್ಟು ದೊಡ್ಡವಿದ್ದವೆಂದರೆ ಒಂದು ಸಾಲಿಗೆ ಕಣ್ಣು ಒಂದು ಗಾವುದ ಓಡಬೇಕು. ಇನ್ನೊಂದು ಪುಟ ತಿರುವಿದರು. ಕಾರ್ನೆಟ್ಟಿನವನು ಪುಸ್ತಕವನ್ನು ಮೂಗಿಗೆ ಹಚ್ಚಿ ನೋಡಿದ.

“ಮಾಸ್ತರ, ಇದರಾಗ ಇರುವಿ ಹರದಾಡ್ಯಾವ್ರಿ. ಸ್ವರ ಎಲ್ಲಿ ಅದಾವ?”

ಸಭೆ ಗೊಳ್ಳೆಂದಿತು. ಗುರಪ್ಪ ಮಾಸ್ತರ ನಗಲಿಲ್ಲ. ಪುಸ್ತಕ ತೆಗೆದುಕೊಂಡು ನಿಧಾನ ತಿರುವಿದರು. “ಕಾಕಾಸಾಹೇಬ್ರ, ಒಂದ ಪಾನಾದ ಗೆರಿ ಹನ್ನೆರಡ ಮಿಲಿಮೀಟರ್, ಮುಂದಿಂದರಾಗ ಎರಡ. ಇದನ್ನ ಯಾಕ ಹಿಂಗ ಮಾಡಿದ್ರಿ?”

“ನಾ ಅಲ್ರಿ, ನಾ ಅಲ್ಲ!” ಕಾಕಾಸಾಹೇಬ ಎದ್ದು ನಿಂತ. “ಆ ಪ್ರೆಸ್ಸಿನ ಬಾಯಿ ಕೆಡಿಸ್ಯಾಳ! ನಾ ಬರದದ್ದ ಬ್ಯಾರೆ, ಅಕಿ ಹಾಕಿದ್ದ ಬ್ಯಾರೆ!”

ಇದಕ್ಕೇ ಕಾದಿದ್ದೆ. ಎದ್ದೆ. ಪಿನ್ನು ಹೊಡೆದ ಪ್ರೂಫುಗಳನ್ನು ಗುರಪ್ಪ ಮಾಸ್ತರರ ಕೈಗೆ ಕೊಟ್ಟೆ.

“ನಾನ ಹಾಕೀನ್ರಿ ಮಾಸ್ತರ. ಮೊದಲ ಎಲ್ಲಾ ಪಾನಾದಾಗ ಗೆರಿ ಆರ ಮಿಲಿಮೀಟರ್ ಇತ್ತರಿ. ಇವರ ಲಗ್ನದ ಅಲ್ಬಮ್ಮಿನಂಗ ಹಿಗ್ಗಸು ಅಂದ್ರು. ನೋಡ್ರಿ, ನಲವತ್ತಮೂರಕ್ಕೂ ಸಹಿ ಅದಾವ. ಸರಿ ಐತಿ, ಛಾಪಸ್ರಿ ಅಂತ ಬರದಾರ.”

ಗುರಪ್ಪ ಮಾಸ್ತರ ಒಂದೊಂದೇ ಸಹಿ ನೋಡಿದರು. ಆಮೇಲೆ ಒಂದು ಪುಟದ ತಲೆಬರಹವನ್ನು ಅಂಗೈಯಿಂದ ಮುಚ್ಚಿ ಕಾಕಾಸಾಹೇಬನ ಮುಖಕ್ಕೆ ಪುಸ್ತಕ ಹಿಡಿದರು. “ಒಂದ ಸಾಲ ಓದ್ರಿ. ಬಾಯಿಲೆ ಹಾಡ್ರಿ ಸಾಕ. ನಿಮ್ಮದ ಕೃತಿ.”

ಅವನು ಪುಸ್ತಕ ನೋಡಿದ, ಮಂದಿಯನ್ನು ನೋಡಿದ. ಚಷ್ಮಾ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಕೊನೆಗೆ ಪುಸ್ತಕವನ್ನು ಕೈಯಿಂದ ಆಚೆ ಸರಿಸಿದ.

“ತನ್ನ ಕೈಲೆ ಬರದಾಂವ ಸತ್ರೂ ಇದಕ್ಕ ಸಹಿ ಹಾಕೂದಿಲ್ಲ” ಅಂದರು ಗುರಪ್ಪ ಮಾಸ್ತರ. “ಈ ಕೈ ನಾ ಬಲ್ಲೆ. ಇದು ಶಮಶೇರನ ಕೈ.”

“ನಾ ಶಮಶೇರ ಮಾಸ್ತರನ ಮಗಳ್ರಿ” ಅಂದೆ. ಅಷ್ಟು ಹೊತ್ತು ತಡೆದದ್ದೆಲ್ಲ ಒಮ್ಮೆಲೇ ಒಡೆದುಕೊಂಡು ಬಂತು. “ಒಂಬತ್ತ ವರ್ಷದ ಹಿಂದ ಕೊಗನೊಳ್ಳಿ ವರಾತಿನ್ಯಾಗ ನಮ್ಮ ಅಬ್ಬಾನ ಮೈಮ್ಯಾಲಿನ ಕೋಟ ಬಿಚ್ಚಿಸಿದ್ರಿ ಕಾಕಾಸಾಹೇಬ್ರ. ಈಗ ತಗೀರಿ ಆ ಶಾಲ. ಎಲ್ಲಾರೂ ನೋಡಲಿ, ತಗೀರಿ!”

ಅವನು ಸುತ್ತ ನೋಡಿದ. ಒಬ್ಬನೂ ಅವನ ಪರ ಏಳಲಿಲ್ಲ, ಮಗ ಸುರಜ ಸಹ ತಲೆ ತಗ್ಗಿಸಿದ್ದ. ಶಾಲು ತಾನೇ ತೆಗೆದು ಕುರ್ಚಿಯ ಮೇಲಿಟ್ಟು ಹಿಂದಿನ ಬಾಗಿಲಿನಿಂದ ಹೋದ. ನೀವು ಏನಾದರೂ ಅನ್ನಿ, ನನ್ನ ಜನ್ಮದಲ್ಲಿ ಅಂಥ ಸಮಾಧಾನ ಮತ್ತೆ ಆಗಿಲ್ಲ. ಊಟಕ್ಕೆ ಕೂತು ಎರಡು ಸಲ ಬಡಿಸಿಕೊಂಡು ತಿಂದೆ.

ಆ ಸಮಾಧಾನ ಮಧ್ಯಾಹ್ನದ ತನಕ ಇತ್ತು. ಮೂರು ಗಂಟೆಗೆ ಗುರಪ್ಪ ಮಾಸ್ತರರನ್ನು ಕರೆದುಕೊಂಡು ಹಾಳೆಗಳನ್ನು ಕೇಳಲು ಅವನ ಮನೆಗೆ ಹೋದೆವು. ಅವನ ಸೊಸೆ ಸರಿತಾ ಬಾಗಿಲಿಗೆ ಬಂದಳು. ಹಿತ್ತಲಿನ ಕಡೆ ಕೈ ತೋರಿಸಿದಳು. ನೀರು ಕಾಯಿಸುವ ಹಂಡೆಯ ಒಲೆಯಲ್ಲಿ ಬೂದಿ. ಬೀಡಿ ಲೇಬಲ್ಲಿನ ಒಂದು ಕೆಂಪು ಅಂಚು ಸುಡದೆ ಉಳಿದಿತ್ತು. ನಾನು ಒಲೆಗೆ ಕೈ ಹಾಕಿದೆ. ಬೂದಿ ಇನ್ನೂ ಬಿಸಿಯಿತ್ತು, ಬೆರಳು ಸುಟ್ಟವು.

ಅಬ್ಬಾ ಅದೇ ಊರಿನಲ್ಲಿ ನನ್ನ ತಮ್ಮ ನದೀಮನ ಮನೆಯಲ್ಲಿದ್ದರು. ಮೂರು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಾತು ಬರುತ್ತಿತ್ತು, ನೆನಪು ಅಲ್ಲಲ್ಲಿ ಹರಿದಿತ್ತು. ಅವರ ಎಡಗೈಗೆ ಪುಸ್ತಕ ಕೊಟ್ಟು, ಸಭೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಶಾಲು ತೆಗೆದ ಮಾತನ್ನು ಎರಡು ಸಲ ಹೇಳಿದೆ. ಅವರು ಕೇಳುತ್ತಿರಲಿಲ್ಲ. ಪುಟ ತಿರುವುತ್ತಿದ್ದರು.

“ಇದನ್ನ ಹಿಂಗ ಹಾಕಿದಾಂವಗ ಸ್ವರದ ಗಂಧ ಇಲ್ಲ” ಅಂದರು.

“ನಾನ ಹಾಕೀನಿ ಅಬ್ಬಾ. ಬೇಕಂತ ಹಾಕೀನಿ.”

“ನಿನಗ ಗೊತ್ತಿತ್ತಲ್ಲ ಬೇಟಾ. ನಾನ ಕಲಿಸಿದ್ದೆ.”

“ಅವನ ಮಾನ ಹೋತಲ್ಲ!”

“ಹೋತು. ನನ್ನ ಹಾಳಿ ಎಲ್ಲಿ ಅದಾವ?”

ಸುಟ್ಟುಹೋದವು ಅಂದೆ. ಅಬ್ಬಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಮಮತಾಜ’ ಇದ್ದ ಪುಟ ತೆರೆದು, ಬೆರಳಿನಿಂದ ಆ ಸಾಸಿವೆಕಾಳುಗಳನ್ನು ಸವರಿದರು. ಬಾಯಿ ತೆರೆದು ಹಾಡಲು ನೋಡಿದರು. ಎರಡು ಸಾಲು ಬಂತು, ಆಮೇಲೆ ಬರಲಿಲ್ಲ. ಮತ್ತೆ ಮೊದಲಿನಿಂದ ಹಿಡಿದರು. ಮತ್ತೆ ಅಲ್ಲೇ ನಿಂತರು. “ಸಿಟ್ಟಿನ್ಯಾಗ ಕೊಯ್ದ ಮೂಗ ತಿರಗಿ ಬರೂದಿಲ್ಲ ಬೇಟಾ” ಅಂದು ಪುಸ್ತಕ ಮುಚ್ಚಿದರು. ನಾನು ಹೊರಗೆ ಬಂದು ಗೋಡೆಗೆ ತಲೆ ಹಚ್ಚಿ ಅತ್ತೆ.

ಅತ್ತು ಕೂತರೆ ಹಾಳೆ ಬರುತ್ತವೆಯೇ? ಚಿಕ್ಕೋಡಿಗೆ ಬಂದವಳೇ ಅದೇ ಪುಸ್ತಕವನ್ನು ಸ್ಕ್ಯಾನ್ ಮಾಡಿದೆ. ಪಾರಿಸಣ್ಣ “ಕೆಲಸ ಮುಗದ ಮ್ಯಾಲೆ ಮಾಡ್ಕೋ ತಂಗಿ, ನಾ ಏನ ಅನ್ನೂದಿಲ್ಲ” ಅಂದ. ಅಬ್ಬಾನ ಗೆರೆಗಳ ಎತ್ತರ ಎಲ್ಲಾ ಹಾಳೆಯಲ್ಲೂ ಒಂದೇ ಅಂತ ನನಗೆ ಗೊತ್ತಿತ್ತಲ್ಲ, ಅದೇ ನನ್ನ ಆಧಾರ. ಪ್ರತಿ ಪುಟದ ಗೆರೆಗಳಿಗೂ ಅಳತೆಪಟ್ಟಿ ಹಿಡಿದೆ. ಹನ್ನೆರಡು ಇದ್ದದ್ದನ್ನು ಅರ್ಧಕ್ಕೆ ಇಳಿಸಿದೆ, ನಾಲ್ಕು ಇದ್ದದ್ದನ್ನು ನೂರೈವತ್ತಕ್ಕೆ ಏರಿಸಿದೆ. ಅಡ್ಡಕ್ಕೆ ಜಗ್ಗಿದ್ದನ್ನು ಸ್ವರಗಳು ಮೊದಲಿನ ದುಂಡಿಗೆ ಬರುವ ತನಕ ಒತ್ತಿದೆ. ಎಲ್ಲಾ ಆರು ಮಿಲಿಮೀಟರಿಗೆ ಬಂದು ನಿಲ್ಲಬೇಕು. ಒಂದು ಮಧ್ಯಾಹ್ನದಲ್ಲಿ ಕೆಡಿಸಿದ್ದನ್ನು ಸರಿಪಡಿಸಲು ನಾಲ್ಕು ತಿಂಗಳು ಬೇಕಾಯಿತು. ಮೂವತ್ತೊಂದು ಚಾಲು ಹಾಗೆ ತಿರುಗಿ ಬಂದವು. ಉಳಿದ ಹನ್ನೆರಡರಲ್ಲಿ ಸ್ವರಗಳು ಛಾಪಿನ ಮಸಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಎಷ್ಟು ಹಿಗ್ಗಿಸಿದರೂ ಬರೀ ಕಪ್ಪು ಚುಕ್ಕೆ. ರವಿವಾರಕ್ಕೊಮ್ಮೆ ನಿಪ್ಪಾಣಿಗೆ ಹೋಗಿ ಅಬ್ಬಾನ ಬಾಯಿಂದ ಹಾಡಿಸಿ ಹನ್ನೊಂದು ಬರೆದುಕೊಂಡೆ. ‘ಮಮತಾಜ’ ಮಾತ್ರ ಎರಡು ಸಾಲಿನ ಆಚೆ ಹೋಗಲೊಲ್ಲದು. ನನಗೂ ಅಷ್ಟೇ ನೆನಪು. ಗುರಪ್ಪ ಮಾಸ್ತರರಿಗೂ ಬರುತ್ತಿರಲಿಲ್ಲ. ಹಳೆಯ ಬ್ಯಾಂಡಿನವರು ಕೆಲವರು ಸತ್ತಿದ್ದರು, ಕೆಲವರು ಊರು ಬಿಟ್ಟಿದ್ದರು. ಈಗಿನ ಹುಡುಗರು ಬಿದಾಯಿಗೆ ಸಿನಿಮಾ ಹಾಡು ಬಾರಿಸುತ್ತಾರೆ.

ಅಬ್ಬಾ ಪ್ರತಿ ರವಿವಾರ ಅದೊಂದನ್ನೇ ಕೇಳುತ್ತಿದ್ದರು: “ನಿಮ್ಮ ಅಮ್ಮೀದು ಸಿಕ್ತೇನ?”

ಆ ಚಾಲು ಪೂರ್ತಿ ಬಲ್ಲವನು ಈ ಭೂಮಿಯ ಮೇಲೆ ಒಬ್ಬನೇ ಉಳಿದಿದ್ದ. ಇಪ್ಪತ್ತು ವರ್ಷ ಪ್ರತಿ ಲಗ್ನದಲ್ಲಿ ಬ್ಯಾಂಡಿನ ಮುಂದೆ ನಿಂತು ಕೇಳಿದವನು.

ಹೋದೆ. ಹೋಗದೆ ಏನು ಮಾಡಲಿ? ಆ ಮನೆಯ ಮೆಟ್ಟಿಲು ಹತ್ತುವಾಗ ನನ್ನ ಚಪ್ಪಲಿಯಿಂದ ನನ್ನನ್ನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಕಾಕಾಸಾಹೇಬ ಪಡಸಾಲೆಯ ತೂಗುಮಂಚದ ಮೇಲೆ ಕೂತು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ನನ್ನನ್ನು ಕಂಡು ಕೈ ನಿಲ್ಲಿಸಿದ. ಯಾಕೆ ಬಂದೆ ಅಂತ ಹೇಳಿದೆ. ಅವನ ಮುಖ ಅರಳಿತು. ಐದು ತಿಂಗಳಿಂದ ಅವನು ಅಷ್ಟು ಸಂತೋಷಪಟ್ಟಿರಲಿಕ್ಕಿಲ್ಲ.

“ಹಾಂ, ಬಾ ಬಾ. ಸಭಾದಾಗ ಹುಲಿಯಂಗ ಬಂದಿದ್ದಿ. ಈಗ ಬೆಕ್ಕಿನಂಗ ಬಂದಿ? ಕೊಡೂದಿಲ್ಲ ಹೋಗ. ನನ್ನ ಜೋಡಿ ಮಣ್ಣಾಗ ಹೋಕ್ಕೈತಿ ಅದು.”

ನೆಲದ ಮೇಲೆ ಕೂತು ಬೇಡಿಕೊಂಡೆ. ಅಬ್ಬಾನ ಲಕ್ವಾ ಹೇಳಿದೆ, ಅಮ್ಮಿ ತೀರಿಕೊಂಡದ್ದು ಹೇಳಿದೆ. ಅವನು ತಂಬಾಕು ತುಟಿಯೊಳಗೆ ಇಟ್ಟುಕೊಂಡು ನಕ್ಕ. ಆ ನಗು ನೋಡಿ ನನ್ನ ಕಣ್ಣೀರು ಬತ್ತಿ, ಹಳೆಯ ಕೆಂಡ ಮತ್ತೆ ಹೊತ್ತಿಕೊಂಡಿತು.

“ಬಿಡ್ರಿ ಕಾಕಾ” ಅಂದೆ. “ನಿಮಗೂ ಮರತೇತಿ. ಓದಾಕಂತೂ ಬರೂದಿಲ್ಲ, ಈಗ ನೆಪ್ಪೂ ಇಲ್ಲ. ಇದ್ದದ್ದ ಬೂದಿ ಅಷ್ಟ.”

“ಯಾರಿಗಿ ಮರತೇತಿ?” ಅವನು ತಂಬಾಕು ಉಗುಳಿದ. “ನಿಮ್ಮಪ್ಪಗ ಮರತಿರಬೇಕ. ನನಗಿಲ್ಲ. ಕ್ಯಾಳ! ಕೇಳಿ ಉರಕೊಂಡ ಸಾಯಿ!”

ತೂಗುಮಂಚದ ಸರಪಳಿ ಹಿಡಿದು ಹಾಡಿದ. ಕರ್ಕಶ ಧ್ವನಿ, ಆದರೆ ಚಾಲು ತಪ್ಪಲಿಲ್ಲ. ಎರಡು ಸಾಲು ದಾಟಿತು, ನಾವೆಲ್ಲ ದಾರಿ ತಪ್ಪುತ್ತಿದ್ದ ತಿರುವು ಬಂತು, ಮೇಲಕ್ಕೆ ಹೋಗುತ್ತದೆ ಅಂತ ನಾನು ಅಂದುಕೊಂಡದ್ದು ಕೆಳಕ್ಕೆ ಇಳಿಯಿತು. ಓ, ಇಳಿಯುವುದು ಅದು! ಬಂಡಿ ಇಳುಕಲಿಗೆ ಇಳಿದಂತೆ. ನನ್ನ ಮಡಿಲಿನಲ್ಲಿ, ದುಪಟ್ಟಾದ ಸೆರಗಿನ ಕೆಳಗೆ, ಮೊದಲೇ ಐದೈದು ಗೆರೆ ಎಳೆದು ತಂದಿದ್ದ ಒಂದು ಲಗ್ನಪತ್ರಿಕೆಯ ಲಕೋಟೆಯ ಹಿಂಬದಿಯಲ್ಲಿ ಪೆನ್ಸಿಲ್ಲು ಓಡುತ್ತಿತ್ತು. ಒಂದು ಚಾಲು ಬರೆಯಲು ವಾರ ಬೇಕು ಅಂತ ಅವನು ತಿಳಿದಿದ್ದ. ಅಬ್ಬಾ ಚಂದದ ಪ್ರತಿ ಮಾಡುವುದನ್ನಷ್ಟೇ ಕಂಡವನು. ಬಾಯಿಂದ ಬಂದದ್ದನ್ನು ಬಂದ ಹಾಗೆ ಹಿಡಿಯಬಹುದು ಅನ್ನುವುದು ಅವನಿಗೆ ಹೇಗೆ ಗೊತ್ತಾಗಬೇಕು? ನಾನು ಕಣ್ಣು ಒರೆಸಿಕೊಂಡಂತೆ ಮಾಡಿದೆ. ಅವನಿಗೆ ಮತ್ತೂ ಹುರುಪು ಬಂತು. ನನ್ನನ್ನು ಇನ್ನಷ್ಟು ಉರಿಸಲು ಮೊದಲಿನಿಂದ ಮತ್ತೊಮ್ಮೆ ಪೂರ್ತಿ ಹಾಡಿದ. ಬಿಟ್ಟುಹೋಗಿದ್ದ ನಾಲ್ಕು ಸ್ವರಗಳನ್ನು ಆಗ ತುಂಬಿಕೊಂಡೆ.

“ಕೇಳಿದಿ? ಹೋಗ ಇನ್ನ. ನಿಮ್ಮಪ್ಪಗ ಹೇಳ, ಕಾಕಾಸಾಹೇಬನ ತಲ್ಯಾಗ ಐತಿ ಅಂತ.”

ನಾನು ಎದ್ದೆ. ಸುಮ್ಮನೆ ಹೋಗಬಹುದಿತ್ತು. ನನ್ನ ಹೊಟ್ಟೆ ಹಾಗೆ ಹೋಗಗೊಡಲಿಲ್ಲ. ಲಕೋಟೆಯನ್ನು ಅವನ ಕಣ್ಣಿನ ಮುಂದೆ ಹಿಡಿದೆ.

“ಬರಕೊಂಡೀನ್ರಿ ಕಾಕಾ. ನೀವು ಹಾಡಿದ್ದು ಪೂರ್ತಿ ಐತಿ. ತಪ್ಪಿದ್ರ ಹೇಳ್ರಿ, ತಿದ್ದತೀನಿ.”

ಅವನ ಮುಖದ ಬಣ್ಣ ಇಳಿಯಿತು. ಕಿಸೆಯಿಂದ ಚಷ್ಮಾ ತೆಗೆದು ಹಾಕಿಕೊಂಡ. ನೋಡಿದ. ಗೆರೆಯ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಸರಿಸಿದ, ಒಂದು ಕಡೆ ನಿಲ್ಲಿಸಿದ.

“ತಪ್ಪೈತಿ” ಅಂದ. “ಇಲ್ಲೆ ತಪ್ಪೈತಿ.”

ಲಕೋಟೆಯನ್ನು ನಾನು ತಲೆಕೆಳಗಾಗಿ ಹಿಡಿದಿದ್ದೆ.